ಗರ್ಭಕೋಶದ ಸೂಕ್ಷ್ಮಜೀವಿ ವರದಿ: ಘಟ್ಟ ಹತ್ತಿಳಿಯುವ ಮೊದಲು ಊರಲ್ಲೇ ಆಗಬೇಕಾದ ಪರೀಕ್ಷೆಗಳು

ದೊಡ್ಡ ಊರಿನ ಸಂತಾನ ಚಿಕಿತ್ಸಾ ಕೇಂದ್ರಗಳಿಗೆ ಹೋಗಿಬರುವ ಶಿರಸಿ, ಕುಮಟಾ, ಕಾರವಾರ ಕಡೆಯ ದಂಪತಿಗಳ ಫೈಲಿಗೆ ಈಗ ಹೊಸದೊಂದು ಕಾಗದ ಸೇರತೊಡಗಿದೆ. ಸ್ಕ್ಯಾನಿಂಗ್, ಥೈರಾಯ್ಡ್, ಅಂಡಗಳ ದಾಸ್ತಾನು ಅಂದಾಜಿಸುವ ಎಎಂಎಚ್, ವೀರ್ಯ ಪರೀಕ್ಷೆಗಳ ಜೊತೆಗೆ ‘ಗರ್ಭಕೋಶದ ಮೈಕ್ರೋಬಯೋಮ್ ವರದಿ’, ಅಂದರೆ ಅಲ್ಲಿರುವ ಸೂಕ್ಷ್ಮಜೀವಿಗಳ ಪಟ್ಟಿ. ಅದರಲ್ಲೊಂದು ಬಣ್ಣಬಣ್ಣದ ವೃತ್ತ, ವೃತ್ತದ ಒಂದೊಂದು ಹೋಳಿಗೆ ಒಂದೊಂದು ಬ್ಯಾಕ್ಟೀರಿಯಾದ ಹೆಸರು. ಕೆಳಗೆ, ಒಳ್ಳೆಯದೆನ್ನುವ ಬ್ಯಾಕ್ಟೀರಿಯಾದ ಬಗ್ಗೆ, ಒಂದೇ ಸಾಲು: ಲ್ಯಾಕ್ಟೋಬ್ಯಾಸಿಲಸ್ ಶೇ 74, ಅಸಹಜ. ಎರಡು ಸಲ ಭ್ರೂಣ ವರ್ಗಾವಣೆ ಮಾಡಿಸಿಕೊಂಡೂ ಗರ್ಭ ನಿಲ್ಲದ ಹೆಣ್ಣುಮಗಳಿಗೆ ಆ ಒಂದು ಸಾಲು ಸಾಕು, ತನ್ನ ಒಡಲೇ ಸರಿಯಿಲ್ಲ ಎಂದು ಕೊರಗಲು.

ವರದಿಯ ಹಿಂದಿರುವ ವಿಜ್ಞಾನ ಪೊಳ್ಳಲ್ಲ. ಗರ್ಭಕೋಶದೊಳಗೆ ಸೂಕ್ಷ್ಮಜೀವಿಗಳ ಸುಳಿವು ಸಿಕ್ಕಿದೆ, ಅವುಗಳಿಗೂ ಗರ್ಭ ನಿಲ್ಲುವುದಕ್ಕೂ ನಂಟು ಕಂಡಿದೆ. ಆದರೆ ನಂಟು ಕಾಣುವುದು ಬೇರೆ, ಆ ವರದಿ ನೋಡಿ ಔಷಧಿ ಕೊಟ್ಟರೆ ಮಗುವಾಗುತ್ತದೆ ಎಂದು ಸಿದ್ಧವಾಗುವುದು ಬೇರೆ. ಎರಡನೆಯದು ಇನ್ನೂ ಆಗಿಲ್ಲ. ಅದೇ ಹೊತ್ತಿಗೆ, ಇದೇ ಸೂಕ್ಷ್ಮಜೀವಿಗಳ ಏರುಪೇರನ್ನು ಕೆಳಗಿನ ಯೋನಿಸ್ರಾವದಿಂದಲೇ, ಐದು ನಿಮಿಷದಲ್ಲಿ, ಕೆಲವೇ ರೂಪಾಯಿ ಖರ್ಚಿನಲ್ಲಿ ಹಿಡಿಯುವ ಹಳೆಯ ಪರೀಕ್ಷೆಗಳು ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲೇ ಸಾಧ್ಯವಿದ್ದೂ ಎಷ್ಟೋ ಸಲ ಆಗದೇ ಉಳಿಯುತ್ತವೆ. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್ ಆಸುಪಾಸು. ಕರಾವಳಿಯವರಿಗೆ ಅದರ ಮೇಲೆ ಅರಬೈಲು ಘಟ್ಟವೋ ದೇವಿಮನೆ ಘಟ್ಟವೋ ಬೇರೆ. ಅಷ್ಟು ದೂರ ಹೋಗುವ ಮೊದಲು ಯಾವುದು ಗೊತ್ತಿರಬೇಕು ಎಂಬುದೇ ಈ ಲೇಖನದ ವಿಷಯ.

ನೂರು ವರ್ಷದ ನಂಬಿಕೆ ಮುರಿದದ್ದು

ಮಗು ಹೊಟ್ಟೆಯಲ್ಲಿರುವಷ್ಟು ಕಾಲ ಯಾವ ಸೂಕ್ಷ್ಮಜೀವಿಯ ಸೋಂಕೂ ಇಲ್ಲದ ಜಾಗದಲ್ಲಿರುತ್ತದೆ ಎಂದು 1900ರ ಸುಮಾರಿಗೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಆಂರಿ ಟಿಸಿಯೆ ಹೇಳಿದರು. ಗರ್ಭಕೋಶದಿಂದ ತೆಗೆದ ಮಾದರಿಯನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಲು ಇಟ್ಟರೆ ಬಹಳ ಸಲ ಏನೂ ಬೆಳೆಯುತ್ತಿರಲಿಲ್ಲ. ಹಾಗಾಗಿ ನಂಬಿಕೆ ಗಟ್ಟಿಯಾಗಿ ಕೂತಿತು. ಎಷ್ಟರ ಮಟ್ಟಿಗೆಂದರೆ 2007ರಲ್ಲಿ ಅಮೆರಿಕದಲ್ಲಿ ಮನುಷ್ಯದೇಹದ ಸೂಕ್ಷ್ಮಜೀವಿಗಳ ಮಹಾಗಣತಿ ಶುರುವಾದಾಗ ಬಾಯಿ, ಮೂಗು, ಚರ್ಮ, ಕರುಳು, ಯೋನಿ ಎಲ್ಲವೂ ಪಟ್ಟಿಯಲ್ಲಿದ್ದವು. ಗರ್ಭಕೋಶ ಇರಲಿಲ್ಲ.

ತಟ್ಟೆಯಲ್ಲಿ ಬೆಳೆಯದ ಜೀವಿಯೂ ತನ್ನ ವಂಶವಾಹಿಯ ಗುರುತು ಬಿಟ್ಟಿರುತ್ತದೆ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ, ಆದರೆ ಜಾತಿಯಿಂದ ಜಾತಿಗೆ ಸ್ವಲ್ಪ ಸ್ವಲ್ಪ ಬದಲಾಗುವ 16ಎಸ್ ಎಂಬ ವಂಶವಾಹಿಯನ್ನು ಓದಿದರೆ ಯಾರು ಯಾರು ಇದ್ದಾರೆ ಎಂದು ತಿಳಿಯುತ್ತದೆ. ಈ ಬಗೆಯ ವಂಶವಾಹಿ ಪರೀಕ್ಷೆಗಳು ಅಗ್ಗವಾದ ಮೇಲೆ ಚಿತ್ರ ಬದಲಾಯಿತು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೇರೆ ಬೇರೆ ಕಾರಣಕ್ಕೆ ಗರ್ಭಕೋಶ ತೆಗೆಸಿಕೊಂಡ 58 ಮಹಿಳೆಯರ ಪೈಕಿ ಶೇ 95 ಮಂದಿಯ ಗರ್ಭಕೋಶದ ಒಳಭಾಗದಲ್ಲಿ ಕನಿಷ್ಠ ಒಂದು ಜಾತಿಯ ಬ್ಯಾಕ್ಟೀರಿಯಾದ ಗುರುತು ಸಿಕ್ಕಿತು. ಆದರೆ ಪ್ರಮಾಣ ಯೋನಿಯಲ್ಲಿರುವುದರ ನೂರರಲ್ಲಿ ಒಂದು ಪಾಲಿನಿಂದ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಈ ‘ಮಾತ್ರ’ವನ್ನು ನೆನಪಿಟ್ಟುಕೊಳ್ಳಬೇಕು, ಮುಂದಿನ ತೊಡಕೆಲ್ಲ ಅಲ್ಲಿಂದಲೇ ಹುಟ್ಟುವುದು. 2017ರಲ್ಲಿ ಚೀನಾದ ತಂಡವೊಂದು 110 ಮಹಿಳೆಯರಲ್ಲಿ ಯೋನಿ, ಗರ್ಭಕೊರಳು, ಗರ್ಭಕೋಶ, ಅಂಡನಾಳ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮಾದರಿ ತೆಗೆದು ನೋಡಿತು. ಕೆಳಗೆ ಹೆಚ್ಚುಕಡಿಮೆ ಪೂರ್ತಿ ಲ್ಯಾಕ್ಟೋಬ್ಯಾಸಿಲಸ್. ಮೇಲೇರಿದಂತೆ ಅದರ ಪಾಲು ಇಳಿದು ಇತರ ಜಾತಿಗಳ ಪಾಲು ಏರುತ್ತಿತ್ತು.

ಕೆಳಗಿನ ಹೆಪ್ಪು

ಗರ್ಭಕೋಶದ ಕತೆ ಅರ್ಥವಾಗಬೇಕಾದರೆ ಬಾಗಿಲಿನಿಂದ ಶುರುಮಾಡಬೇಕು. ಪ್ರಾಯದ ಹೆಣ್ಣಿನ ಯೋನಿಯ ಒಳಗೋಡೆ ಈಸ್ಟ್ರೋಜೆನ್ ಹಾರ್ಮೋನಿನಿಂದಾಗಿ ದಪ್ಪವಾಗಿರುತ್ತದೆ, ಅದರ ಕೋಶಗಳಲ್ಲಿ ಗ್ಲೈಕೋಜೆನ್ ಎಂಬ ಪಿಷ್ಟ ತುಂಬಿರುತ್ತದೆ. ಕೋಶಗಳು ಉದುರಿದಾಗ ಆ ಪಿಷ್ಟ ಸಣ್ಣ ಸಕ್ಕರೆಗಳಾಗಿ ಒಡೆಯುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಅದನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ. ಹಾಲಿಗೆ ಹೆಪ್ಪು ಹಾಕಿದಾಗ ಹುಳಿಯಾಗುವುದೂ ಇದೇ ಆಮ್ಲದಿಂದ. ಹುಳಿಯ ಅಳತೆ, ಅಂದರೆ ಪಿಎಚ್, 3.5ರಿಂದ 4.5ರ ನಡುವೆ ನಿಲ್ಲುತ್ತದೆ (ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು), ಅಷ್ಟು ಹುಳಿಯಲ್ಲಿ ಹೊರಗಿನ ಬಹುತೇಕ ಬ್ಯಾಕ್ಟೀರಿಯಾಗಳು ತಲೆಯೆತ್ತುವುದಿಲ್ಲ. ಮುಟ್ಟಿನ ರಕ್ತದ ಪಿಎಚ್ 7ರ ಮೇಲೆ, ವೀರ್ಯದ್ದೂ ಹಾಗೆಯೇ. ಮುಟ್ಟಿನ ದಿನಗಳಲ್ಲಿ, ಸಂಭೋಗದ ನಂತರ ಕೆಲವು ತಾಸು ಹುಳಿ ಇಳಿಯುವುದು ಸಹಜ, ಆರೋಗ್ಯವಿದ್ದರೆ ಮತ್ತೆ ಏರುತ್ತದೆ. ಮುಟ್ಟು ನಿಂತ ವಯಸ್ಸಿನಲ್ಲಿ ಈಸ್ಟ್ರೋಜೆನ್ ಇಳಿದು ಪಿಷ್ಟವೂ ಕಡಿಮೆಯಾಗುವುದರಿಂದ ಪಿಎಚ್ 5ರ ಮೇಲೆ ಹೋಗುವುದೂ ಸಹಜವೇ.

ಲ್ಯಾಕ್ಟೋಬ್ಯಾಸಿಲಸ್ ಎಂದರೆ ಒಂದೇ ಜಾತಿಯಲ್ಲ. 2011ರಲ್ಲಿ 396 ಮಹಿಳೆಯರ ಮೇಲೆ ನಡೆದ ಅಧ್ಯಯನ ಯೋನಿಯ ಸೂಕ್ಷ್ಮಜೀವಿಗಳನ್ನು ಐದು ಗುಂಪುಗಳಾಗಿ ವಿಂಗಡಿಸಿತು. ನಾಲ್ಕು ಗುಂಪುಗಳಲ್ಲಿ ಕ್ರಿಸ್ಪೇಟಸ್, ಗ್ಯಾಸೆರಿ, ಐನರ್ಸ್, ಜೆನ್ಸೆನಿ ಎಂಬ ಲ್ಯಾಕ್ಟೋಬ್ಯಾಸಿಲಸ್ ಜಾತಿಗಳಲ್ಲಿ ಒಂದೊಂದರದು ಮೇಲುಗೈ. ಇನ್ನೊಂದು ಗುಂಪಿನಲ್ಲಿ ಯಾರದೂ ಯಜಮಾನಿಕೆಯಿಲ್ಲ, ಗಾರ್ಡ್ನರೆಲ್ಲಾ ಮೊದಲಾದ ಹಲವು ಜಾತಿಗಳ ಜಾತ್ರೆ. ಇವುಗಳಲ್ಲಿ ಕ್ರಿಸ್ಪೇಟಸ್ ನಂಬಿಕಸ್ಥ ಕಾವಲುಗಾರ. ಐನರ್ಸ್ ಹಾಗಲ್ಲ. ಅದು ಕಾವಲಿಗೆ ಮುಖ್ಯವೆನಿಸಿದ ಒಂದು ಬಗೆಯ ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸುವುದೇ ಇಲ್ಲ, ಮೇಲಾಗಿ ಗಾರ್ಡ್ನರೆಲ್ಲಾ ಬಂದರೆ ಜಾಗ ಬಿಟ್ಟುಕೊಡುತ್ತದೆ. ವರದಿಯಲ್ಲಿ ಬರೀ ‘ಲ್ಯಾಕ್ಟೋಬ್ಯಾಸಿಲಸ್ ಶೇ 95’ ಎಂದಿದ್ದು ಅದೆಲ್ಲ ಐನರ್ಸ್ ಆಗಿದ್ದರೆ ನೆಮ್ಮದಿಪಡುವಂತಿಲ್ಲ.

ಮೊಸರಿನ ಮಾತು ಬಂದದ್ದರಿಂದ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ತೆಗೆದುಹಾಕಬೇಕು. ಮನೆಯ ಮೊಸರಿನಲ್ಲಿರುವ ಜಾತಿಗಳೂ ಯೋನಿಯಲ್ಲಿರುವ ಕ್ರಿಸ್ಪೇಟಸ್ಸೂ ದಾಯಾದಿಗಳು, ಒಂದೇ ಅಲ್ಲ. ಮಜ್ಜಿಗೆ, ತಂಬುಳಿ ಊಟಕ್ಕೆ ಒಳ್ಳೆಯದು, ಉಣ್ಣಬೇಕು. ಆದರೆ ಅದರಿಂದ ಯೋನಿಯಲ್ಲಿ ಕ್ರಿಸ್ಪೇಟಸ್ ಬೆಳೆಯುವುದಿಲ್ಲ. ಮೊಸರನ್ನು ಒಳಗೆ ಹಚ್ಚಿಕೊಳ್ಳಿ ಎಂಬ ಸಲಹೆ ಮೊಬೈಲಿನಲ್ಲಿ ಹರಿದಾಡುತ್ತದೆ. ಅದನ್ನು ಖಂಡಿತ ಮಾಡಬಾರದು. ಔಷಧಿಯಂಗಡಿಯ ಪ್ರೋಬಯಾಟಿಕ್ ಕ್ಯಾಪ್ಸೂಲಿಗೂ ಬಹುಮಟ್ಟಿಗೆ ಇದೇ ಮಾತು. 2020ರಲ್ಲಿ ಅಮೆರಿಕದಲ್ಲಿ ಗಾರ್ಡ್ನರೆಲ್ಲಾ ಬಳಗದ ಸೋಂಕಿದ್ದ 228 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ ಬಳಸಿದ್ದು ಯೋನಿಯಲ್ಲೇ ಇಡುವ, ಮನುಷ್ಯಮೂಲದ ಕ್ರಿಸ್ಪೇಟಸ್ ಪುಡಿ. ಆ್ಯಂಟಿಬಯಾಟಿಕ್ ಮುಗಿಸಿದ ನಂತರ ಅದನ್ನು ಬಳಸಿದವರಲ್ಲಿ 12 ವಾರದೊಳಗೆ ಶೇ 30 ಮಂದಿಗೆ ಸೋಂಕು ಮರುಕಳಿಸಿತು, ಬಳಸದವರಲ್ಲಿ ಶೇ 45 ಮಂದಿಗೆ. ಪ್ರಯೋಜನ ಇದೆ. ಆದರೆ ಅಂಗಡಿಯ ಕ್ಯಾಪ್ಸೂಲು ಅದಲ್ಲ.

ಇವು ಮೇಲೆ ಹೇಗೆ ಹತ್ತುತ್ತವೆ? ಗರ್ಭಕೊರಳಿನಲ್ಲಿ ಲೋಳೆಯ ಬಿರಡೆ ಇರುತ್ತದೆ. ಅಂಡ ಬಿಡುಗಡೆಯ ದಿನಗಳಲ್ಲಿ ಅದು ತೆಳುವಾಗಿ ವೀರ್ಯಾಣುವಿಗೆ ದಾರಿ ಬಿಡುತ್ತದೆ, ಉಳಿದ ದಿನಗಳಲ್ಲಿ ದಪ್ಪ. ಗರ್ಭಕೋಶದ ಸ್ನಾಯುಗಳೂ ಸಣ್ಣಗೆ ಅಲೆಯಾಡುತ್ತ ಮೇಲಕ್ಕೆ ಎಳೆಯುತ್ತಿರುತ್ತವೆ. ಯೋನಿಯಲ್ಲಿಟ್ಟ ಸೂಕ್ಷ್ಮ ಕಣಗಳು ಕೆಲವೇ ನಿಮಿಷಗಳಲ್ಲಿ ಗರ್ಭಕೋಶ ಸೇರಿದ್ದನ್ನು ಜರ್ಮನಿಯ ಸಂಶೋಧಕರು 1990ರ ದಶಕದಲ್ಲೇ ತೋರಿಸಿದ್ದಾರೆ. ಇವುಗಳ ಜೊತೆಗೆ ಗರ್ಭ ತಡೆಯುವ ವಂಕಿ ಹಾಕುವುದು, ಗರ್ಭ ತೊಳೆಯುವುದು, ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವ ಐಯುಐ, ಭ್ರೂಣ ವರ್ಗಾವಣೆ ಎಲ್ಲದರಲ್ಲೂ ನಳಿಕೆ ಇದೇ ಬಾಗಿಲನ್ನು ದಾಟಿಯೇ ಹೋಗಬೇಕು. ಕೆಳಗೆ ಏನಿದೆಯೋ ಅದರಲ್ಲಿ ಸ್ವಲ್ಪ ಮೇಲಕ್ಕೆ ಹೋಗಿಯೇ ಹೋಗುತ್ತದೆ.

35 ಮಹಿಳೆಯರ ಲೆಕ್ಕ

ಇಂದಿನ ವರದಿಗಳಲ್ಲಿ ಕಾಣುವ ‘ಶೇ 90’ ಎಂಬ ಗೆರೆ ಎಲ್ಲಿಂದ ಬಂತು? 2016ರಲ್ಲಿ ಸ್ಪೇನಿನ ತಂಡವೊಂದು ಪ್ರನಾಳ ಶಿಶು ಚಿಕಿತ್ಸೆ ಎನ್ನುವ ಐವಿಎಫ್‌ಗೆ ಬಂದ 35 ಮಹಿಳೆಯರ ಗರ್ಭಕೋಶದ ದ್ರವವನ್ನು ಪರೀಕ್ಷಿಸಿತು. ಲ್ಯಾಕ್ಟೋಬ್ಯಾಸಿಲಸ್ ಶೇ 90ಕ್ಕಿಂತ ಹೆಚ್ಚಿದ್ದವರಲ್ಲಿ ಜೀವಂತ ಮಗು ಹುಟ್ಟಿದ ಪ್ರಮಾಣ ಶೇ 58.8, ಕಡಿಮೆ ಇದ್ದವರಲ್ಲಿ ಶೇ 6.7. ಅಂಕಿ ನೋಡಿದರೆ ಯಾರಿಗಾದರೂ ಕಣ್ಣು ಅರಳುತ್ತದೆ. ಆದರೆ 35 ಮಂದಿಯನ್ನು ಎರಡು ಗುಂಪು ಮಾಡಿದ ಮೇಲೆ ಒಬ್ಬಿಬ್ಬರು ಆಚೀಚೆ ಆದರೂ ಈ ಶೇಕಡಾವಾರು ಅಲುಗಾಡುತ್ತದೆ. ಅದೇ ತಂಡ 2022ರಲ್ಲಿ ಹಲವು ದೇಶಗಳ 342 ಮಹಿಳೆಯರ ಮೇಲೆ ನಡೆಸಿದ ದೊಡ್ಡ ಅಧ್ಯಯನವೂ ಅದೇ ದಿಕ್ಕನ್ನು ತೋರಿಸಿತು. ಗರ್ಭ ನಿಲ್ಲದವರಲ್ಲಿ ಗಾರ್ಡ್ನರೆಲ್ಲಾ, ಕ್ಲೆಬ್ಸಿಯೆಲ್ಲಾ, ಸ್ಟ್ರೆಪ್ಟೊಕಾಕಸ್, ಸ್ಟೆಫಿಲೊಕಾಕಸ್ ಮುಂತಾದವು ಹೆಚ್ಚು ಕಂಡವು. ಆದರೆ ಗರ್ಭಕೋಶ ತೆಗೆದ ಮೇಲೆ, ಯೋನಿಯ ಸ್ಪರ್ಶವಿಲ್ಲದೆ ಒಳಪದರವನ್ನು ನೋಡಿದ ಕೆಲವು ಅಧ್ಯಯನಗಳಲ್ಲಿ ಲ್ಯಾಕ್ಟೋಬ್ಯಾಸಿಲಸ್ ಮೇಲುಗೈಯಾಗಿ ಕಾಣಲೇ ಇಲ್ಲ. ಹಾಗಾದರೆ ಆರೋಗ್ಯವಂತ ಗರ್ಭಕೋಶ ಎಂದರೆ ಯಾವುದು? ಈ ಪ್ರಶ್ನೆಗೇ ಒಮ್ಮತದ ಉತ್ತರ ಬಂದಿಲ್ಲ.

ನಂಟು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ತರ್ಕ ಇದೆ. ಭ್ರೂಣ ಅಂಟಿಕೊಳ್ಳುವ ಕೆಲವು ದಿನಗಳಲ್ಲಿ ತಾಯಿಯ ರೋಗನಿರೋಧಕ ವ್ಯವಸ್ಥೆ ಅರ್ಧ ಪರಕೀಯವಾದ ಆ ಜೀವವನ್ನು ಸಹಿಸಿಕೊಳ್ಳಬೇಕು. ಒಳಪದರದಲ್ಲಿ ಕಿರಿಕಿರಿ ಎಬ್ಬಿಸುವ ಬ್ಯಾಕ್ಟೀರಿಯಾಗಳಿದ್ದರೆ ಉರಿಯೂತದ ರಾಸಾಯನಿಕಗಳು ಹೆಚ್ಚಿ ಆ ಸಹನೆ ಕೆಡುತ್ತದೆ. 2023ರಲ್ಲಿ ಜಪಾನಿನ ನಾಗೋಯಾದ ಸಂಶೋಧಕರು ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಗಂಟುಗಂಟಾಗಿ ಬೆಳೆಯುವ ಕಾಯಿಲೆ) ಇರುವವರ ಪೈಕಿ ಶೇ 64 ಮಂದಿಯ ಗರ್ಭಕೋಶದ ಒಳಪದರದಲ್ಲಿ ಫ್ಯೂಸೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಕಂಡರು. ಆ ಕಾಯಿಲೆ ಇಲ್ಲದವರಲ್ಲಿ ಅದು ಶೇ 10ಕ್ಕಿಂತ ಕಡಿಮೆ. ಇಲಿಗಳಲ್ಲಿ ಆ್ಯಂಟಿಬಯಾಟಿಕ್ ಕೊಟ್ಟಾಗ ಗಂಟುಗಳು ಕಡಿಮೆಯಾದವು. ಆಸೆ ಹುಟ್ಟಿಸುವ ಸಂಶೋಧನೆ. ಆದರೆ ಇಲಿಯಿಂದ ಹೆಣ್ಣಿಗೆ ಬರುವ ದಾರಿ ಸಣ್ಣದಲ್ಲ.

ನಿಜವಾದ ಒರೆಗಲ್ಲು ಚಿಕಿತ್ಸೆಯ ಪ್ರಯೋಗ. ಡೆನ್ಮಾರ್ಕಿನಲ್ಲಿ ಐವಿಎಫ್‌ಗೆ ಬಂದ, ಯೋನಿಯ ಸೂಕ್ಷ್ಮಜೀವಿಗಳು ಏರುಪೇರಾಗಿದ್ದ ಮಹಿಳೆಯರಿಗೆ ಕ್ಲಿಂಡಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟು, ಒಂದು ಗುಂಪಿಗೆ ಅದರ ನಂತರ ಹಿಂದೆ ಹೇಳಿದ ಕ್ರಿಸ್ಪೇಟಸ್ ಪುಡಿಯನ್ನೂ ಕೊಟ್ಟು ನೋಡಿದರು. ಸುಳ್ಳು ಔಷಧಿ ಪಡೆದವರಿಗಿಂತ ಇವರಲ್ಲಿ ಗರ್ಭಧಾರಣೆ ಹೆಚ್ಚಾಗಲಿಲ್ಲ. ಪರೀಕ್ಷೆ ಮೊದಲು ಮಾರುಕಟ್ಟೆಗೆ, ಪ್ರಯೋಗ ಆಮೇಲೆ ಎಂಬುದು ಈ ಕ್ಷೇತ್ರದಲ್ಲಿ ಹೊಸದೂ ಅಲ್ಲ. ಒಳಪದರ ಭ್ರೂಣವನ್ನು ಸ್ವೀಕರಿಸುವ ಸರಿಯಾದ ಗಳಿಗೆ ಹೇಳುತ್ತೇವೆಂಬ ಇಆರ್‌ಎ ಪರೀಕ್ಷೆ ಹತ್ತು ವರ್ಷ ಜಗತ್ತಿನಾದ್ಯಂತ ನಡೆದ ಮೇಲೆ, 2022ರಲ್ಲಿ 767 ಮಂದಿಯ ಪ್ರಯೋಗದ ಫಲಿತಾಂಶ ಬಂತು: ಪರೀಕ್ಷೆಯ ಪ್ರಕಾರ ನಡೆದವರಲ್ಲಿ ಮಗು ಹುಟ್ಟಿದ್ದು ಶೇ 58.5, ಎಂದಿನಂತೆ ನಡೆದವರಲ್ಲಿ ಶೇ 61.9.

ವರದಿ ಎಲ್ಲಿ ಕೆಡುತ್ತದೆ

ಮಾದರಿ ತೆಗೆಯುವುದನ್ನು ಹತ್ತಿರದಿಂದ ನೋಡೋಣ. ಯೋನಿಯನ್ನು ಅಗಲಿಸುವ ಸ್ಪೆಕ್ಯುಲಂ ಇಟ್ಟು ಗರ್ಭಕೊರಳು ಕಾಣುವಂತೆ ಮಾಡುತ್ತಾರೆ. ಸಲೈನಿನಲ್ಲಿ ಅದ್ದಿದ ಹತ್ತಿಯಿಂದ ಲೋಳೆ ಒರೆಸುತ್ತಾರೆ. ಸುಮಾರು 3 ಮಿಲಿಮೀಟರ್ ದಪ್ಪದ ಪೈಪೆಲ್ ಎಂಬ ಪ್ಲಾಸ್ಟಿಕ್ ನಳಿಕೆಯನ್ನು ಒಳಗೆ ತೂರಿಸಿ, ಅದರೊಳಗಿನ ಕಡ್ಡಿ ಹಿಂದಕ್ಕೆಳೆದು ಚೂರು ಒಳಪದರ ಹೀರಿಕೊಳ್ಳುತ್ತಾರೆ. ಆ ನಳಿಕೆಯ ತುದಿ ಒಳಗೆ ಹೋಗುವಾಗಲೋ ಬರುವಾಗಲೋ ಯೋನಿಯ ಗೋಡೆಗೆ ಒಮ್ಮೆ ತಾಗಿದರೂ ಸಾಕು. ಅಲ್ಲಿ ಕೋಟಿಗಟ್ಟಲೆ, ಮೇಲೆ ಅದರ ಸಣ್ಣ ಪಾಲು. ವರದಿಯಲ್ಲಿ ಬರುವುದು ಕೆಳಗಿನ ಸಮಾಚಾರವೇ. ಹೊರಕವಚ ಇರುವ ಜೋಡಿ ನಳಿಕೆ ಬಳಸಿದರೆ ಈ ಬೆರಕೆ ಕಡಿಮೆಯಾಗುತ್ತದೆ, ಪೂರ್ತಿ ತಪ್ಪುವುದಿಲ್ಲ.

ಎರಡನೆಯ ಬೆರಕೆ ಪ್ರಯೋಗಾಲಯದ್ದು. ಡಿಎನ್‌ಎ ಹೊರತೆಗೆಯುವ ಕಿಟ್ಟಿನ ದ್ರಾವಣಗಳಲ್ಲೇ ಬ್ಯಾಕ್ಟೀರಿಯಾಗಳ ಡಿಎನ್‌ಎ ಚೂರುಪಾರು ಇರುತ್ತದೆ. ಮಲದ ಮಾದರಿಯಂಥದ್ದರಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಒಂದು ಹಿಡಿ ಮಣ್ಣು ಅಘನಾಶಿನಿ ಹೊಳೆಗೆ ಬಿದ್ದರೆ ನೀರಿನ ಬಣ್ಣ ಬದಲಾಗುವುದಿಲ್ಲ, ಕೊಡಪಾನಕ್ಕೆ ಬಿದ್ದರೆ ಪೂರ್ತಿ ರಾಡಿ. ಗರ್ಭಕೋಶದ ಮಾದರಿ ಆ ಕೊಡಪಾನದ ಹಾಗೆ. ಮಾಸಿನಲ್ಲಿ (ಹೆರಿಗೆಯ ನಂತರ ಬೀಳುವ ಕಸದಲ್ಲಿ) ಸೂಕ್ಷ್ಮಜೀವಿ ಲೋಕವೇ ಇದೆ ಎಂದು 2014ರಲ್ಲಿ ದೊಡ್ಡ ಸುದ್ದಿಯಾಗಿತ್ತು. 2019ರಲ್ಲಿ ಬ್ರಿಟನ್ನಿನ ತಂಡ 537 ಹೆರಿಗೆಗಳ ಮಾಸನ್ನು ಬಿಗಿಯಾಗಿ ಪರೀಕ್ಷಿಸಿದಾಗ ಅದರಲ್ಲಿ ಬಹುಪಾಲು ಬಂದದ್ದು ಕಿಟ್ಟಿನಿಂದ, ಇಲ್ಲವೇ ಹೆರಿಗೆಯ ದಾರಿಯಿಂದ ಎಂದು ತಿಳಿಯಿತು. ನಿಜವಾಗಿ ಒಳಗೇ ಇದ್ದದ್ದು ಶೇ 5ರಷ್ಟು ಮಂದಿಯಲ್ಲಿ ಕಂಡ ಒಂದು ಜಾತಿಯ ಸ್ಟ್ರೆಪ್ಟೊಕಾಕಸ್ ಮಾತ್ರ. ಆದ್ದರಿಂದ ಒಳ್ಳೆಯ ಪ್ರಯೋಗಾಲಯ ಪ್ರತಿ ಸಲ ಖಾಲಿ ನಳಿಕೆ, ಖಾಲಿ ದ್ರಾವಣಗಳನ್ನೂ ಮಾದರಿಯ ಜೊತೆಯಲ್ಲೇ ಓಡಿಸುತ್ತದೆ, ಅವುಗಳಲ್ಲಿ ಸಿಕ್ಕಿದ್ದನ್ನು ಕಳೆದು ವರದಿ ಕೊಡುತ್ತದೆ.

ಮೂರನೆಯದು ಶೇಕಡಾವಾರಿನ ಮೋಸ. ಒಂದು ಮಾದರಿಯಲ್ಲಿ ನೂರು ಬ್ಯಾಕ್ಟೀರಿಯಾ, ಅದರಲ್ಲಿ 74 ಲ್ಯಾಕ್ಟೋಬ್ಯಾಸಿಲಸ್ ಎಂದಿಟ್ಟುಕೊಳ್ಳಿ. ಇನ್ನೊಂದರಲ್ಲಿ ಒಂದು ಕೋಟಿ, ಅದರಲ್ಲಿ 74 ಲಕ್ಷ. ಎರಡಕ್ಕೂ ವರದಿ ಒಂದೇ: ಶೇ 74. ಮೊದಲನೆಯದರಲ್ಲಿ ಉಳಿದ 26 ಕಿಟ್ಟಿನಿಂದಲೇ ಬಂದಿರಬಹುದು. ಎರಡನೆಯದರಲ್ಲಿ ಉಳಿದ 26 ಲಕ್ಷ ನಿಜವಾದ ಸೋಂಕಾಗಿರಬಹುದು. ಒಟ್ಟು ಎಷ್ಟಿತ್ತು ಎಂಬ ಸಂಖ್ಯೆಯಿಲ್ಲದ ವರದಿಯನ್ನು ನಂಬಿ ಆ್ಯಂಟಿಬಯಾಟಿಕ್ ನುಂಗುವುದು ಸರಿಯಲ್ಲ. ಡಿಎನ್‌ಎ ಓದುವ ಪರೀಕ್ಷೆಗೆ ಸತ್ತ ಬ್ಯಾಕ್ಟೀರಿಯಾ ಯಾವುದು, ಬದುಕಿರುವುದು ಯಾವುದು ಎಂಬ ಭೇದವೂ ತಿಳಿಯುವುದಿಲ್ಲ. ಇನ್ನು ಸಾಗಣೆ. ಮಾದರಿಯನ್ನು ಡಿಎನ್‌ಎ ಕಾಪಾಡುವ ದ್ರಾವಣದಲ್ಲಿ ಹಾಕದೆ ಬರೀ ಸಲೈನಿನಲ್ಲಿ ಬೆಂಗಳೂರಿಗೋ ಮುಂಬೈಗೋ ಬಸ್ಸಿನಲ್ಲಿ ಕಳಿಸಿದರೆ, ಬೇಗ ಬೆಳೆಯುವ ಜಾತಿಗಳು ದಾರಿಯಲ್ಲೇ ಹೆಚ್ಚಿ ಲೆಕ್ಕ ತಪ್ಪಿಸುತ್ತವೆ.

ಊರಲ್ಲೇ ಆಗಬೇಕಾದದ್ದು

ಕರಾವಳಿಯಲ್ಲಿ, ಘಟ್ಟದ ಮೇಲೆ, ಹೆಂಗಸರು ಆಶಾ ಕಾರ್ಯಕರ್ತೆಯ ಹತ್ತಿರ ತಗ್ಗಿದ ದನಿಯಲ್ಲಿ ಹೇಳುವುದು “ಬಿಳಿ ಹೋಗ್ತದೆ” ಎಂದು. ಬಿಳಿಸೆರಗು ಎಲ್ಲವೂ ರೋಗವಲ್ಲ. ತಿಂಗಳ ನಡುವೆ ಮೊಟ್ಟೆಯ ಬಿಳಿಯಂತೆ ಎಳೆಎಳೆಯಾಗಿ ಹೋಗುವುದು, ವಾಸನೆ, ತುರಿಕೆ ಇಲ್ಲದ್ದು, ಸಹಜ. ರೋಗದ್ದು ಯಾವುದು ಎಂದು ತಿಳಿಯಲು ಒಳಪರೀಕ್ಷೆ ಮಾಡಲೇಬೇಕು. ಬರೀ ಮಾತು ಕೇಳಿ ಮಾತ್ರೆ ಬರೆದುಕೊಟ್ಟರೆ ತಪ್ಪುವ ಸಂಭವ ಹೆಚ್ಚು.

ಬ್ಯಾಕ್ಟೀರಿಯಲ್ ವಜೈನೋಸಿಸ್, ಅಂದರೆ ಲ್ಯಾಕ್ಟೋಬ್ಯಾಸಿಲಸ್ ಸೋತು ಗಾರ್ಡ್ನರೆಲ್ಲಾದ ಬಳಗ ಗೆದ್ದ ಸ್ಥಿತಿ, ಪತ್ತೆಗೆ 1983ರಿಂದ ಬಳಕೆಯಲ್ಲಿರುವ ಆ್ಯಮ್ಸೆಲ್ ಮಾನದಂಡ ಸಾಕು. ನಾಲ್ಕರಲ್ಲಿ ಮೂರು ಇದ್ದರೆ ಕಾಯಿಲೆ ಇದೆ. ಮೊದಲನೆಯದು ತೆಳುವಾದ, ಬೂದು ಬಿಳಿ, ಗೋಡೆಗೆ ಸವರಿದಂತಿರುವ ಸ್ರಾವ. ಎರಡನೆಯದು ಪಿಎಚ್ 4.5ಕ್ಕಿಂತ ಹೆಚ್ಚು. ಪಿಎಚ್ ಕಾಗದವನ್ನು ಯೋನಿಯ ಪಕ್ಕದ ಗೋಡೆಗೆ ತಾಗಿಸಬೇಕು. ಗರ್ಭಕೊರಳಿನ ಲೋಳೆಗೆ ತಾಗಿಸಿದರೆ ಅದು ಸಹಜವಾಗಿಯೇ ಕ್ಷಾರ, ಸುಳ್ಳು ಫಲಿತಾಂಶ ಬರುತ್ತದೆ. ಮುಟ್ಟಿನ ರಕ್ತ, ವೀರ್ಯ, ಸ್ಪೆಕ್ಯುಲಂಗೆ ಹಚ್ಚಿದ ಜೆಲ್ಲಿ ಕೂಡ ಹೀಗೆಯೇ ದಾರಿ ತಪ್ಪಿಸುತ್ತವೆ. ಮೂರನೆಯದು ಸ್ಲೈಡಿನ ಮೇಲಿನ ಸ್ರಾವಕ್ಕೆ ಶೇ 10ರ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಒಂದು ಹನಿ ಹಾಕಿದಾಗ ಏಳುವ ಮೀನಿನ ವಾಸನೆ. ಕಾರವಾರದ ಮೂಗಿಗೆ ಇದನ್ನು ವಿವರಿಸಬೇಕಿಲ್ಲ. ಹಳಸಿದ ಬಂಗಡೆಯ ವಾಸನೆಗೆ ಕಾರಣವಾದ ಟ್ರೈಮೀಥೈಲ್ ಅಮೈನ್ ಎಂಬ ರಾಸಾಯನಿಕವೇ ಇಲ್ಲೂ ಕಾರಣ. ನಾಲ್ಕನೆಯದು ಸೂಕ್ಷ್ಮದರ್ಶಕದಲ್ಲಿ ಕಾಣುವ ‘ಕ್ಲೂ ಸೆಲ್’. ಕೋಶದ ಅಂಚೇ ಕಾಣದಷ್ಟು ಬ್ಯಾಕ್ಟೀರಿಯಾ ಮೆತ್ತಿಕೊಂಡಿರುತ್ತದೆ, ಐದರಲ್ಲಿ ಒಂದು ಕೋಶವಾದರೂ ಹೀಗಿರಬೇಕು. ಅದೇ ಸ್ಲೈಡಿನಲ್ಲಿ ಬಾಲ ಬಡಿಯುತ್ತ ಓಡಾಡುವ ಟ್ರೈಕೊಮೊನಾಸ್ ಎಂಬ ಪರೋಪಜೀವಿ ಕಾಣಬಹುದು. ಆದರೆ ಸ್ಲೈಡು ಮಾಡಿದ ಹತ್ತು ನಿಮಿಷದೊಳಗೆ ನೋಡಬೇಕು, ತಣ್ಣಗಾದರೆ ಅದು ಚಲನೆ ನಿಲ್ಲಿಸುತ್ತದೆ, ಗುರುತು ಸಿಗುವುದಿಲ್ಲ. ಒಡೆದ ಮೊಸರಿನಂತೆ ಗಟ್ಟಿಯಾದ ಸ್ರಾವ, ಜೋರು ತುರಿಕೆ, ಪಿಎಚ್ 4.5ಕ್ಕಿಂತ ಕಡಿಮೆ ಇದ್ದರೆ ಕ್ಯಾಂಡಿಡಾ ಶಿಲೀಂಧ್ರ. ಬ್ಯಾಕ್ಟೀರಿಯಾ ಗುರುತಿಸಲು ಸ್ಲೈಡಿಗೆ ‘ಗ್ರಾಂ’ ಎಂಬ ಬಣ್ಣ ಹಾಕುವ ವ್ಯವಸ್ಥೆ ಇದ್ದಲ್ಲಿ, ಅವುಗಳನ್ನು ಎಣಿಸಿ ಕೊಡುವ ನ್ಯೂಜೆಂಟ್ ಅಂಕ ಇನ್ನೂ ನಿಖರ. 0ರಿಂದ 3 ಆರೋಗ್ಯ, 4ರಿಂದ 6 ನಡುವಿನ ಸ್ಥಿತಿ, 7ರಿಂದ 10 ಕಾಯಿಲೆ.

ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಇಂಥ ಸೋಂಕುಗಳಿಗೆಂದೇ ಇರುವ ಸುರಕ್ಷಾ ಕ್ಲಿನಿಕ್ಕುಗಳಲ್ಲಿ ಇದಕ್ಕೆ ಔಷಧಿ ಉಚಿತ. ಅಲ್ಲಿ ಕೊಡುವ ಬಣ್ಣದ ಔಷಧಿ ಕಿಟ್ಟುಗಳಲ್ಲಿ ಹಸಿರು ಕಿಟ್ ಯೋನಿಸ್ರಾವಕ್ಕೆ: ಸೆಕ್ನಿಡಜೋಲ್ 2 ಗ್ರಾಂ, ಫ್ಲುಕೊನಜೋಲ್ 150 ಮಿಲಿಗ್ರಾಂ, ಒಂದೇ ಸಲಕ್ಕೆ. ಹಳದಿ ಕಿಟ್ ಕಿಬ್ಬೊಟ್ಟೆ ನೋವು, ಮೇಲಕ್ಕೆ ಹತ್ತಿದ ಸೋಂಕಿಗೆ: ಸೆಫಿಕ್ಸಿಮ್ ಒಂದು ಸಲ, ಮೆಟ್ರೊನಿಡಜೋಲ್ ಮತ್ತು ಡಾಕ್ಸಿಸೈಕ್ಲಿನ್ ದಿನಕ್ಕೆರಡರಂತೆ 14 ದಿನ. ವಜೈನೋಸಿಸ್ ಖಚಿತವಾದರೆ ಮೆಟ್ರೊನಿಡಜೋಲ್ 400 ಮಿಲಿಗ್ರಾಂ ದಿನಕ್ಕೆರಡು, 7 ದಿನ ಎಂಬುದು ಸಾಮಾನ್ಯ ಕ್ರಮ. ಬಾಯಿಯಲ್ಲಿ ತಾಮ್ರದ ರುಚಿ, ಹೊಟ್ಟೆ ತೊಳಸುವುದು ಆಗುತ್ತದೆ. ವಾಸನೆ ಮೂರನೆಯ ದಿನಕ್ಕೇ ಹೋಗುತ್ತದೆ, ಮಾತ್ರೆಯೂ ಅಲ್ಲಿಗೇ ನಿಲ್ಲುತ್ತದೆ. ಹೀಗಾಗಬಾರದು. ಗಾರ್ಡ್ನರೆಲ್ಲಾ ಗೋಡೆಗೆ ಲೋಳೆಯ ಪೊರೆ ಕಟ್ಟಿಕೊಂಡು ಕೂರುವ ಜೀವಿ. ಪೂರ್ತಿ ಔಷಧಿ ತೆಗೆದುಕೊಂಡರೂ ಅರ್ಧಕ್ಕೂ ಹೆಚ್ಚು ಮಂದಿಗೆ ವರ್ಷದೊಳಗೆ ಮರುಕಳಿಸುತ್ತದೆ. ಗರ್ಭಿಣಿಯಾಗಿದ್ದರೆ ಫ್ಲುಕೊನಜೋಲ್ ನುಂಗಬಾರದು, ಅದನ್ನು ಮೊದಲೇ ಹೇಳಬೇಕು.

ಮರುಕಳಿಸುವುದರ ಒಂದು ದೊಡ್ಡ ಕಾರಣ ಗಂಡನ ಕಡೆಯದು ಎಂಬುದು 2025ರಲ್ಲಿ ಸ್ಪಷ್ಟವಾಯಿತು. ಆಸ್ಟ್ರೇಲಿಯಾದಲ್ಲಿ 164 ಜೋಡಿಗಳ ಮೇಲೆ ನಡೆದ ಪ್ರಯೋಗದಲ್ಲಿ ಹೆಣ್ಣಿಗೆ ಮಾತ್ರ ಔಷಧಿ ಕೊಟ್ಟಾಗ 12 ವಾರದೊಳಗೆ ಶೇ 63 ಮಂದಿಗೆ ಮರಳಿತು. ಗಂಡಿಗೂ ಏಳು ದಿನ ಮೆಟ್ರೊನಿಡಜೋಲ್ 400 ಮಿಲಿಗ್ರಾಂ ದಿನಕ್ಕೆರಡು ಸಲ, ಜೊತೆಗೆ ಶಿಶ್ನದ ಚರ್ಮಕ್ಕೆ ಶೇ 2ರ ಕ್ಲಿಂಡಾಮೈಸಿನ್ ಕ್ರೀಮು ಕೊಟ್ಟಾಗ ಅದು ಶೇ 35ಕ್ಕೆ ಇಳಿಯಿತು. ವರ್ಷಗಟ್ಟಲೆ ಹೆಂಡತಿಯೊಬ್ಬಳೇ ಮಾತ್ರೆ ನುಂಗಿ, ಸೋಂಕು ಮರಳಿದಾಗಲೆಲ್ಲ ತನ್ನದೇ ಕೊಳಕು ಎಂದು ತಲೆ ತಗ್ಗಿಸಿದ ಮನೆಗಳಿಗೆ ಇದಕ್ಕಿಂತ ದೊಡ್ಡ ಸುದ್ದಿ ಇಲ್ಲ. ಇದು ನಡತೆಯ ಮಾತಲ್ಲ, ಚರ್ಮದ ಮೇಲೆ ಉಳಿಯುವ ಬ್ಯಾಕ್ಟೀರಿಯಾದ ಮಾತು. ಎರಡು ಸಲ ಮರುಕಳಿಸಿದರೆ ಗಂಡನನ್ನೂ ಕರೆದುಕೊಂಡು ಹೋಗಬೇಕು.

ಇದೇ ಬಿಳಿಸೆರಗಿಗೆ ಹೆದರಿ ಗರ್ಭಚೀಲ ತೆಗೆಸಿಕೊಳ್ಳುವುದು ಇನ್ನೊಂದು ದುರಂತ. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಅನಗತ್ಯ ಶಸ್ತ್ರಚಿಕಿತ್ಸೆಗಳ ಬಗ್ಗೆ ಬಂದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳೂ ಇದನ್ನು ತಡೆಯುವ ಮಾರ್ಗಸೂಚಿ ಪಾಲಿಸಬೇಕೆಂದು ಆದೇಶಿಸಿತು. ಒಂದು ಸರಳ ಸಂಗತಿ ಹೇಳಿದರೆ ಸಾಕು: ವಜೈನೋಸಿಸ್ ಇರುವುದು ಯೋನಿಯಲ್ಲಿ. ಗರ್ಭಕೋಶ ತೆಗೆದರೂ ಯೋನಿ ಇರುತ್ತದೆ, ಸ್ರಾವವೂ ಇರುತ್ತದೆ.

ಮಕ್ಕಳಾಗದವರಲ್ಲಿ ನಮ್ಮ ದೇಶದಲ್ಲಿ ಮರೆಯಬಾರದ ಬ್ಯಾಕ್ಟೀರಿಯಾ ಕ್ಷಯದ್ದು. ಜನನಾಂಗದ ಕ್ಷಯದಲ್ಲಿ ಹತ್ತರಲ್ಲಿ ಒಂಬತ್ತು ಸಲ ಅಂಡನಾಳ ಕೆಡುತ್ತದೆ, ಒಳಪದರವೂ ಎಷ್ಟೋ ಸಲ ಸೇರಿಕೊಳ್ಳುತ್ತದೆ. ಕೆಮ್ಮು, ಜ್ವರ ಏನೂ ಇರದೆಯೂ ಇರಬಹುದು. ಇದಕ್ಕೆ ಒಳಪದರದ ಚೂರನ್ನು ಮುಟ್ಟು ಬರುವುದಕ್ಕೆ ತುಸು ಮೊದಲು ತೆಗೆಯುವುದು ಒಳ್ಳೆಯದು. ಚೂರನ್ನು ಎರಡು ಪಾಲು ಮಾಡಿ ಒಂದನ್ನು ಫಾರ್ಮಲಿನ್‌ನಲ್ಲಿ ಊತಕ (ಅಂಗಾಂಶ) ಪರೀಕ್ಷೆಗೆ, ಇನ್ನೊಂದನ್ನು ಬರೀ ಸಲೈನಿನಲ್ಲಿ ಕ್ಷಯದ ವಂಶವಾಹಿ ಗುರುತು ಹುಡುಕುವ ಸಿಬಿನ್ಯಾಟ್ ಮತ್ತು ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರಿಗೆ ಕಳಿಸಬೇಕು. ಎಲ್ಲವನ್ನೂ ಒಂದೇ ಫಾರ್ಮಲಿನ್ ಡಬ್ಬಿಗೆ ಹಾಕುವ ತಪ್ಪು ಬಹಳ ಆಗುತ್ತದೆ. ಫಾರ್ಮಲಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಕಲ್ಚರಿನಲ್ಲಿ ಮತ್ತೇನೂ ಬೆಳೆಯದು. ಹಾಗೆಂದು ಬರೀ ಪಿಸಿಆರ್ ಎಂಬ ಇನ್ನೊಂದು ವಂಶವಾಹಿ ಪರೀಕ್ಷೆ ಪಾಸಿಟಿವ್ ಬಂತೆಂದು ಆರು ತಿಂಗಳ ಮಾತ್ರೆ ಶುರುಮಾಡುವುದೂ ತಪ್ಪು. ಲ್ಯಾಪರೊಸ್ಕೋಪಿ, ಊತಕ ಪರೀಕ್ಷೆಗಳ ಆಧಾರವೂ ಬೇಕು. ಖಚಿತವಾದರೆ ಔಷಧಿ ಸರ್ಕಾರದಿಂದ ಉಚಿತ.

ಜೂನ್‌ನಿಂದ ಸೆಪ್ಟೆಂಬರ್

ಒಡಿಶಾದಲ್ಲಿ ನಡೆದ ಅಧ್ಯಯನಗಳು ಮುಟ್ಟಿನ ಬಟ್ಟೆಗೂ ಸೋಂಕಿಗೂ ಇರುವ ನಂಟನ್ನು ತೋರಿಸಿವೆ. ಅದರಲ್ಲೂ ಬಟ್ಟೆಯನ್ನು ಮನೆಯೊಳಗೆ ಒಣಗಿಸಿ ಶೌಚಾಲಯದಲ್ಲಿಡುವವರಲ್ಲಿ ಕ್ಯಾಂಡಿಡಾ ಹೆಚ್ಚು. ಇದನ್ನು ನಮ್ಮ ಮಳೆಗಾಲಕ್ಕೆ ಹಚ್ಚಿ ನೋಡಬೇಕು. ನಾಲ್ಕು ತಿಂಗಳು ಬಿಸಿಲಿನ ಮುಖವಿಲ್ಲ, ಮುಟ್ಟಿನ ಬಟ್ಟೆ ಯಾರಿಗೂ ಕಾಣಬಾರದೆಂಬ ಸಂಕೋಚ ಬೇರೆ. ಬೇರೆ ಬಟ್ಟೆಯ ಅಡಿಯಲ್ಲಿ ಹರವಿದ ತುಂಡು ಮೂರು ದಿನವಾದರೂ ಥಂಡಿ ಥಂಡಿ. ಬಟ್ಟೆ ತಪ್ಪಲ್ಲ, ಒದ್ದೆ ಬಟ್ಟೆ ತಪ್ಪು. ತಣ್ಣೀರಿನಲ್ಲಿ ರಕ್ತ ತೆಗೆದು, ಸಾಬೂನು ಹಾಕಿ, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಬೇಕು. ಬಚ್ಚಲ ಹಂಡೆಯ ಒಲೆಯ ಮೇಲ್ಗಡೆ ಹಗ್ಗ ಕಟ್ಟಿ, ಬೇರೆ ಬಟ್ಟೆ ಮುಚ್ಚದೆ ಹರವಬೇಕು. ಆಮೇಲೆ ಎರಡೂ ಬದಿಗೆ ಬಿಸಿ ಇಸ್ತ್ರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು, ಬಟ್ಟೆಯ ಚೀಲ ಒಳ್ಳೆಯದು. ಮುಗ್ಗಲು ವಾಸನೆ ಬಂದರೆ, ಕಪ್ಪು ಚುಕ್ಕೆ ಕಂಡರೆ ಎಸೆಯಬೇಕು. ಬಟ್ಟೆಯಾಗಲಿ ಪ್ಯಾಡಾಗಲಿ ಆರು ತಾಸಿನೊಳಗೆ ಬದಲಿಸಬೇಕು. ನೆಟ್ಟಿಯ ಗದ್ದೆಯಲ್ಲಿ, ಚಿಪ್ಪಿ ಆರಿಸುವ ಅಳಿವೆಯಲ್ಲಿ ದಿನವಿಡೀ ಒದ್ದೆ ಸೀರೆಯಲ್ಲಿರುವವರು ಮನೆಗೆ ಬಂದ ತಕ್ಷಣ ಒಳಉಡುಪು ಬದಲಿಸಿದರೆ ತುರಿಕೆಯ ಅರ್ಧ ಕಾಟ ತಪ್ಪುತ್ತದೆ.

ಮತ್ತೆ, ಒಳಗೆ ತೊಳೆಯಬಾರದು. ಮೈಗೆ ಹಚ್ಚುವ ಸಾಬೂನಿನ ಪಿಎಚ್ 9ರಿಂದ 10. ಡೆಟ್ಟಾಲ್ ನೀರು, ಜಾಹೀರಾತಿನ ಇಂಟಿಮೇಟ್ ವಾಶ್ ಯಾವುದೂ ಯೋನಿಯೊಳಕ್ಕೆ ಬೇಡ. ಹೊರಗೆ ಬರೀ ನೀರು ಸಾಕು, ಒಳಗಿನ ಹುಳಿ ತನ್ನ ಕೆಲಸ ತಾನು ಮಾಡುತ್ತದೆ.

ದುಡ್ಡು ಕಟ್ಟುವ ಮೊದಲು

ಇಷ್ಟೆಲ್ಲ ಆದ ಮೇಲೂ ಗರ್ಭ ನಿಲ್ಲದಿದ್ದರೆ, ವೈದ್ಯರು ಮೈಕ್ರೋಬಯೋಮ್ ಪರೀಕ್ಷೆ ಹೇಳಿದರೆ, ಕೇಳಬೇಕಾದ ಮಾತುಗಳಿವೆ. ಜೋಡಿ ನಳಿಕೆ ಬಳಸುತ್ತೀರಾ? ಖಾಲಿ ನಳಿಕೆಯನ್ನೂ ಪರೀಕ್ಷೆಗೆ ಹಾಕುತ್ತಾರಾ? ಒಟ್ಟು ಬ್ಯಾಕ್ಟೀರಿಯಾ ಪ್ರಮಾಣ ವರದಿಯಲ್ಲಿ ಬರುತ್ತದಾ, ಲ್ಯಾಕ್ಟೋಬ್ಯಾಸಿಲಸ್ ಯಾವ ಜಾತಿ ಎಂದು ಬರುತ್ತದಾ? ವರದಿ ಅಸಹಜ ಬಂದರೆ ಕೊಡುವ ಔಷಧಿ ಯಾವುದು, ವರದಿ ಇಲ್ಲದೆಯೂ ಅದನ್ನೇ ಕೊಡುತ್ತಿದ್ದಿರಾ? ಯಾವ ಆ್ಯಂಟಿಬಯಾಟಿಕ್ಕನ್ನು ಎಂದು ನಿಲ್ಲಿಸಿದ್ದೀರಿ ಎಂಬುದನ್ನು ನೀವೂ ಹೇಳಬೇಕು, ಈಚೆಗೆ ತೆಗೆದುಕೊಂಡಿದ್ದರೆ ಮಾದರಿ ಸರಿಯಾದ ಚಿತ್ರ ಕೊಡುವುದಿಲ್ಲ.

ಅದಕ್ಕಿಂತ ಮೊದಲು ಮಾಡಬಹುದಾದ್ದು ಇನ್ನೊಂದಿದೆ. ಒಳಪದರದ ದೀರ್ಘಕಾಲದ ಉರಿಯೂತವನ್ನು ಊತಕದಲ್ಲಿ ಸಿಡಿ138 ಎಂಬ ಬಣ್ಣ ಹಾಕಿ, ಉರಿಯೂತದ ಗುರುತಾದ ಪ್ಲಾಸ್ಮಾ ಕೋಶಗಳನ್ನು ಎಣಿಸಿ ಪತ್ತೆಮಾಡುತ್ತಾರೆ. ಕಂಡರೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು, 14 ದಿನ ಕೊಟ್ಟು ಮತ್ತೆ ಪರೀಕ್ಷಿಸುತ್ತಾರೆ. ಇದಕ್ಕೆ ಮಾದರಿ ತೆಗೆಯಲು ಮುಟ್ಟು ಶುರುವಾದ ದಿನದಿಂದ ಎಣಿಸಿ 6ರಿಂದ 12ನೆಯ ದಿನದೊಳಗಿನ ಅವಧಿ ಒಳ್ಳೆಯದು. ಈ ಹಿಂದೆ ಯಾವಾಗಲಾದರೂ ಒಳಪದರದ ಬಯಾಪ್ಸಿ ಆಗಿದ್ದರೆ ಆ ಚೂರನ್ನು ಮೇಣದ ಬ್ಲಾಕಿನಲ್ಲಿ ಹುದುಗಿಸಿ ಪ್ರಯೋಗಾಲಯದವರು ಇಟ್ಟಿರುತ್ತಾರೆ. ಬಯಾಪ್ಸಿ ನಂಬರ್ ತೋರಿಸಿ ಬ್ಲಾಕ್ ಕೇಳಿ ಪಡೆದು ಅದಕ್ಕೇ ಸಿಡಿ138 ಹಾಕಿಸಬಹುದು. ಬಯಾಪ್ಸಿಯಾದ ದಿನ ಮುಟ್ಟಿನ ಎಷ್ಟನೆಯ ದಿನವಾಗಿತ್ತು ಎಂದು ಚೀಟಿಯಲ್ಲಿ ಬರೆದುಕೊಡಿ. ಮತ್ತೊಮ್ಮೆ ನಳಿಕೆ ತೂರಿಸಿಕೊಳ್ಳುವ ನೋವು ಅಷ್ಟರಮಟ್ಟಿಗೆ ತಪ್ಪುತ್ತದೆ.